ನೀರು ಕೆಳಗೆ, ಊರು ಮೇಲೆ: ಇಟಲಿಯಲ್ಲಿ ಎಂಟಿಬಿ (ಮೌಂಟನ್ ಬೈಕ್) ತುಳಿಯಲು ಯಾವ ಸರೋವರ?

"ಇಟಲಿಗೆ ಹೋಗ್ತಿದ್ದೀವಿ, ಒಂದು ವಾರ ಗುಡ್ಡದ ಕಡೆ ಸೈಕಲ್ ತುಳೀಬೇಕು, ಎಲ್ಲಿ ಇಳ್ಕೊಳ್ಳೋದು?" ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದಿಂದ ಇಳಿದು ಟೀ ಕುಡಿಯುತ್ತ ನಿಂತಾಗ ಈ ಪ್ರಶ್ನೆ ಈಗೀಗ ಬರುತ್ತಲೇ ಇರುತ್ತದೆ. ಕೇಳುವವರು ಫೋನಿನಲ್ಲಿ ಮೂರು ಫೋಟೊ ತೋರಿಸುತ್ತಾರೆ. ಮೂರರಲ್ಲೂ ನೀಲಿ ನೀರು, ಹೆಂಚಿನ ಮನೆಗಳ ಹಳೇ ಊರು, ಚೂಪು ಸೈಪ್ರೆಸ್ ಮರ. ಫೋಟೊ ನೋಡಿ ಆರಿಸುವುದಾದರೆ ಚೀಟಿ ಎತ್ತಿದರೂ ಆದೀತು.

ನಾನು ಅವರಿಗೆ ಹೇಳುವುದು ಒಂದೇ: ಆ ಸರೋವರ ಹೇಗೆ ಹುಟ್ಟಿತು ಅಂತ ಮೊದಲು ನೋಡಿ. ಉತ್ತರದ ಗಾರ್ಡಾವನ್ನು ಹಿಮನದಿ ಕೊರೆದಿದೆ. ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ತ್ರಾಸಿಮೇನೊ ನೆಲ ತಗ್ಗಾದ ಕಡೆ ನೀರು ನಿಂತು ಆದದ್ದು. ರೋಮಿನ ಉತ್ತರಕ್ಕಿರುವ ಬೊಲ್ಸೇನಾ, ವೀಕೊ ಸರೋವರಗಳು ಆರಿಹೋದ ಜ್ವಾಲಾಮುಖಿಯ ಬಾಯಿಯಲ್ಲಿ ತುಂಬಿಕೊಂಡಿವೆ. ಏರು ಎಲ್ಲಿ ಬರುತ್ತದೆ, ಚಕ್ರದ ಕೆಳಗೆ ಕಲ್ಲೋ ಮಣ್ಣೋ, ಊರು ದಡದಲ್ಲೋ ನೆತ್ತಿಯ ಮೇಲೋ, ಎಲ್ಲ ಈ ಹುಟ್ಟಿನಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಇನ್ನೊಂದು ವಿಷಯ. ಗಾರ್ಡಾದ ಉತ್ತರ ತುದಿಯಲ್ಲಿ ಊರು ನೀರಿನ ಅಂಚಿಗೆ, ಬೆಟ್ಟ ತಲೆಯ ಮೇಲೆ. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿದುಕೊಂಡೇ ರೂಮು ಸೇರಬಹುದು. ಮಧ್ಯ ಇಟಲಿಯಲ್ಲಿ ಇದು ತಿರುವುಮುರುವು. ಅಲ್ಲಿ ಹಳೇ ಊರುಗಳೆಲ್ಲ, ನಮ್ಮ ದುರ್ಗಗಳ ಹಾಗೆ, ಶತ್ರುವಿಗೆ ಹೆದರಿ ಗುಡ್ಡ ಹತ್ತಿ ಕೂತಿವೆ. ದಿನವೆಲ್ಲ ತುಳಿದು ತೊಡೆ ಸೋತ ಹೊತ್ತಿಗೆ, ಸಂಜೆ ಐದೂವರೆಗೆ, ಕೊನೆಯ ಮೂರು ಕಿಲೋಮೀಟರ್ ಏರು ಶುರುವಾಗುತ್ತದೆ. ಬ್ರೋಷರ್‌ಗಳಲ್ಲಿ ಈ ಮಾತು ಇರುವುದಿಲ್ಲ.

ಗಾರ್ಡಾ: ಇಳಿಯಲು ಬರುವವರಿಗೆ

ಇಟಲಿಯ ಅತಿ ದೊಡ್ಡ ಸರೋವರ, ಸುಮಾರು 370 ಚದರ ಕಿಲೋಮೀಟರ್. ನೀರಿನ ಮಟ್ಟ ಸಮುದ್ರಕ್ಕಿಂತ 65 ಮೀಟರ್ ಮಾತ್ರ ಮೇಲೆ, ಆಳ 346 ಮೀಟರ್. ಅಂದರೆ ತಳ ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಗಿದೆ. ಹಿಮನದಿ ಹೀಗೆ ನೇರವಾಗಿ ಕೊರೆದುಕೊಂಡು ಹೋದ ಕಡೆ ದಡ ಅನ್ನುವುದು ಹೆಸರಿಗಷ್ಟೇ, ಇರುವುದು ಗೋಡೆ. ರೀವಾ, ತೋರ್ಬೊಲೆ, ಆರ್ಕೊ ಊರುಗಳು ಆ ಗೋಡೆಗಳ ನಡುವೆ ಉಳಿದ ಚೂರು ಬಯಲಿನಲ್ಲಿವೆ. ರೀವಾ 1918ರವರೆಗೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಊರಾಗಿತ್ತು. ಇಲ್ಲಿನ ಸೈಕಲ್ ದಾರಿಗಳ ಕಥೆ ಅರ್ಥವಾಗಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೊದಲ ದಿನ ಎಲ್ಲರೂ ತುಳಿಯುವುದು ಪೊನಾಲೆ ದಾರಿ. ರೀವಾದಿಂದ ಲೇದ್ರೊ ಕಣಿವೆಗೆ 1851ರಲ್ಲಿ ಬಂಡೆ ಕಡಿದು ಮಾಡಿದ ರಸ್ತೆ. ಈಗ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ನಡೆಯುವವರು ಮತ್ತು ಸೈಕಲ್‌ನವರು ಮಾತ್ರ. ಏರು ಹದವಾಗಿದೆ, ನೆಲ ಜಲ್ಲಿ, ನಡುನಡುವೆ ಸಣ್ಣ ಸುರಂಗ, ಎಡಕ್ಕೆ ಬಗ್ಗಿದರೆ ನೇರ ನೀರು. ಮೇಲೆ 655 ಮೀಟರ್ ಎತ್ತರದಲ್ಲಿ ಪುಟ್ಟ ಲೇದ್ರೊ ಸರೋವರ ಸಿಗುತ್ತದೆ. 1929ರಲ್ಲಿ ಜಲವಿದ್ಯುತ್ ಕೆಲಸಕ್ಕೆ ಅದರ ನೀರು ಇಳಿಸಿದಾಗ ಸಾವಿರಗಟ್ಟಲೆ ಮರದ ಕಂಬಗಳು ಹೊರಬಿದ್ದವು. ಕಂಚಿನ ಯುಗದ ಜನ ಆ ಕಂಬಗಳ ಮೇಲೆ ಮನೆ ಕಟ್ಟಿ ಬಾಳಿದ್ದರು. 2011ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಿಗ್ಗೆ ಏಳಕ್ಕೇ ಹೊರಡಿ. ಹತ್ತರ ಮೇಲೆ ಪೊನಾಲೆಯಲ್ಲಿ ಜಾತ್ರೆ, ಗಂಟೆ ಬಾರಿಸಿ ಬಾರಿಸಿ ಹೆಬ್ಬೆರಳು ನೋಯುತ್ತದೆ.

ಗಾರ್ಡಾಗೆ ಜನ ನಿಜವಾಗಿ ಬರುವುದು ತ್ರೆಮಾಲ್ಜೊ ಘಾಟಿಗಾಗಿ. ಲೇದ್ರೊ ದಾಟಿ ಡಾಂಬರು ರಸ್ತೆಯಲ್ಲಿ ಹತ್ತಿದರೆ 1,800 ಮೀಟರ್ ದಾಟಿದ ಎತ್ತರದಲ್ಲಿ ಒಂದು ಸುರಂಗ. ಅದರಿಂದಾಚೆಗೆ ಮೊದಲ ಮಹಾಯುದ್ಧದಲ್ಲಿ, ಆಗಿನ ಆಸ್ಟ್ರಿಯಾ ಗಡಿಯ ಬಳಿ, ಸೈನ್ಯಕ್ಕೆಂದು ಮಾಡಿದ ರಸ್ತೆ ಹೇರ್‌ಪಿನ್ ಮೇಲೆ ಹೇರ್‌ಪಿನ್ ಸುತ್ತಿಕೊಂಡು ಇಳಿಯುತ್ತದೆ. ನಂದಿಯನ್ನು ಒಂದೇ ದಿನ ಸುಮಾರು ನಾಲ್ಕು ಸಲ ಹತ್ತಿದಷ್ಟು ಏರು ಅಂತ ಲೆಕ್ಕ ಹಾಕಿಕೊಳ್ಳಿ. ಆದರೆ ಏರು ನಮ್ಮನ್ನು ಸೋಲಿಸುವುದಿಲ್ಲ. ಘಾಟಿ ಹತ್ತುವುದು ನಮಗೆ ಅಭ್ಯಾಸ ಇದ್ದೇ ಇದೆ. ಸೋಲಿಸುವುದು ಇಳಿಜಾರು. ಸುಣ್ಣದ ಕಲ್ಲಿನ ಸಡಿಲು ತುಂಡುಗಳು, ಮುಷ್ಟಿಗಾತ್ರದವು, ಗಂಟೆಗಟ್ಟಲೆ ಚಕ್ರದ ಕೆಳಗೆ ಉರುಳುತ್ತಲೇ ಇರುತ್ತವೆ.

ನಾನು ಮೊದಲ ಸಲ ಹೋದಾಗ ಸವೆದ ಬ್ರೇಕ್ ಪ್ಯಾಡ್ ಬದಲಿಸುವ ಸೋಮಾರಿತನ ಮಾಡಿದ್ದೆ. ಅರ್ಧ ದಾರಿಯಲ್ಲಿ ಹಿಂದಿನ ಬ್ರೇಕಿನ ಲಿವರ್ ಹ್ಯಾಂಡಲ್‌ಗೆ ತಾಗತೊಡಗಿತು. ಒಂದು ತಿರುವಿನಲ್ಲಿ ನಿಂತು ಡಿಸ್ಕಿಗೆ ಎರಡು ಹನಿ ನೀರು ಬಿಟ್ಟೆ, ಕಾದ ಕಾವಲಿಗೆ ಬಿಟ್ಟ ಹಾಗೆ ಚುಂಯ್ ಅಂತು. ಉಳಿದ ದಾರಿಯ ಬಹುಪಾಲು ಸೈಕಲ್ ತಳ್ಳಿಕೊಂಡೇ ಇಳಿದೆ. ನನ್ನ ಪಕ್ಕದಲ್ಲೇ ಅರವತ್ತು ದಾಟಿದ ಜರ್ಮನ್ ದಂಪತಿ ಸಿಳ್ಳೆ ಹಾಕಿಕೊಂಡು ಇಳಿದು ಹೋದರು.

ಆದ್ದರಿಂದ ಗಾರ್ಡಾ ಯಾರಿಗೆ ಅಂದರೆ, ಕಲ್ಲಿನ ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಹಿಂದಕ್ಕೆ ಸರಿದು ಸೈಕಲ್ ತನ್ನಷ್ಟಕ್ಕೆ ಕುಣಿಯಲು ಬಿಡುವ ಧೈರ್ಯ ಇರುವವರಿಗೆ. ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಫುಲ್ ಸಸ್ಪೆನ್ಷನ್ ಸೈಕಲ್ ಬೇಕು, ಅದು ಇಲ್ಲಿ ಬೀದಿಬೀದಿಗೂ ಬಾಡಿಗೆಗೆ ಸಿಗುತ್ತದೆ. ಮಧ್ಯಾಹ್ನ ದಕ್ಷಿಣದಿಂದ 'ಓರಾ' ಗಾಳಿ ಏಳುತ್ತದೆ, ಹಾಯಿ ಹಲಗೆಯವರಿಗೆ ಹಬ್ಬ. ದಡದ ಗಾರ್ದೆಸಾನಾ ಹೆದ್ದಾರಿಯ ಸುರಂಗಗಳಲ್ಲಿ ಮಾತ್ರ ಸೈಕಲ್ ಬೇಡವೇ ಬೇಡ. ಲಿಮೋನೆ ಊರಿನ ಹತ್ತಿರ ಬಂಡೆಗೆ ತೂಗುಹಾಕಿದಂತೆ 2018ರಲ್ಲಿ ಮಾಡಿದ ಸೈಕಲ್ ಪಥ ಚೆಂದವಿದೆ, ಆದರೆ ಎರಡು ಕಿಲೋಮೀಟರಿನಷ್ಟೇ. ಹಳೇ ಊರುಗಳ ಲೆಕ್ಕದಲ್ಲಿ ಗಾರ್ಡಾ ಮೂರರಲ್ಲಿ ಕೊನೆ. ಊರುಗಳು ಸುಂದರವೇ, ಆದರೆ ಬೇಸಿಗೆಯಲ್ಲಿ ಅವು ಪೂರಾ ಪ್ರವಾಸಿಗರವು. ಖರ್ಚೂ ಇಲ್ಲೇ ಹೆಚ್ಚು.

ತ್ರಾಸಿಮೇನೊ: ಮನೆಮಂದಿಯ ಜೊತೆ, ಮಳೆ ಇಲ್ಲದಿದ್ದರೆ

ಸುಮಾರು 128 ಚದರ ಕಿಲೋಮೀಟರ್ ಅಗಲ, ಆಳ ಮಾತ್ರ ಆರು ಮೀಟರ್ ಆಚೀಚೆ. ತಟ್ಟೆಯಲ್ಲಿ ನೀರು ಹೊಯ್ದ ಹಾಗೆ. ದಡ ಸಪಾಟು, ಆಲಿವ್ ತೋಟ, ಜೊಂಡು, ಸೂರ್ಯಕಾಂತಿ ಹೊಲ. ಸುತ್ತ ಸುಮಾರು 60 ಕಿಲೋಮೀಟರ್ ಸೈಕಲ್ ಹಾದಿ, ಬಹುಭಾಗ ಮಣ್ಣು-ಜಲ್ಲಿ. ಹತ್ತು ವರ್ಷದ ಮಕ್ಕಳೂ ಎರಡು ದಿನಕ್ಕೆ ಮುಗಿಸಬಲ್ಲರು. ಎಂಟಿಬಿಯ ರುಚಿ ಬೇಕಾದವರು ಪಾಸ್ಸಿನ್ಯಾನೊದಿಂದ ಕಾಸ್ತೆಲ್ ರಿಗೋನೆಗೆ ಹತ್ತಬೇಕು. ನೀರಿನಿಂದ ಸುಮಾರು 400 ಮೀಟರ್ ಏರು, ಹೆಚ್ಚುಕಡಿಮೆ ಒಂದು ನಂದಿ. ಮೇಲಿನಿಂದ ಕೆಳಗೆ ನೋಡಿದರೆ ಉತ್ತರದ ದಡದಲ್ಲಿ ಗುಡ್ಡಕ್ಕೂ ನೀರಿಗೂ ನಡುವೆ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತದೆ. ಕ್ರಿ.ಪೂ. 217ರಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇದೇ ದಡದಲ್ಲಿ, ತುವೋರೊ ಊರಿನ ಸುತ್ತ, ಗುಡ್ಡದ ಮರೆಯಲ್ಲಿ ಸೈನ್ಯ ಅಡಗಿಸಿ ಮಂಜು ಮುಸುಕಿದ ಬೆಳಿಗ್ಗೆ ರೋಮನ್ನರ ಮೇಲೆ ಬಿದ್ದ. ಅಲ್ಲೊಂದು ಹಳ್ಳಿಯ ಹೆಸರು ಇಂದಿಗೂ ಸಾಂಗ್ವಿನೇತೊ. ಸಾಂಗ್ವೆ ಅಂದರೆ ರಕ್ತ.

ದಕ್ಷಿಣದ ಪಾನಿಕಾಲೆ, ಚಿತ್ತಾ ದೆಲ್ಲಾ ಪಿಯೇವೆ ಊರುಗಳು ನನಗೆ ಇನ್ನೂ ಇಷ್ಟ. ಎರಡನೆಯದು ಚಿತ್ರಕಾರ ಪೆರುಜಿನೊ ಹುಟ್ಟಿದ ಊರು. ಅವನ ಚಿತ್ರಗಳ ಹಿನ್ನೆಲೆಯಲ್ಲಿ ತಿಳಿಹಸಿರು ಗುಡ್ಡಗಳು, ದೂರದಲ್ಲಿ ಮಾಸಲು ನೀರು ಇರುತ್ತವಲ್ಲ, ಆ ನೋಟ ದಾರಿಯುದ್ದಕ್ಕೂ ಜೊತೆಗೇ ಬರುತ್ತದೆ.

ಆದರೆ ಮಣ್ಣು! ಹಿಂದಿನ ರಾತ್ರಿ ಮಳೆ ಬಂದಿತ್ತು, ಬೆಳಿಗ್ಗೆ ಬಿಸಿಲು ನೋಡಿ ಹೊಲದ ದಾರಿ ಹಿಡಿದೆ. ನೂರು ಮೀಟರ್ ಹೋಗಿರಲಿಲ್ಲ, ಜಿಗುಟು ಮಣ್ಣು ಟೈರಿಗೆ ಸುತ್ತಿ, ಫ್ರೇಮಿಗೂ ಚಕ್ರಕ್ಕೂ ನಡುವೆ ಗಟ್ಟಿಯಾಗಿ ಕೂತು ಚಕ್ರ ತಿರುಗುವುದನ್ನೇ ಬಿಟ್ಟಿತು. ನರಗುಂದದ ಕಡೆಯ ಎರೆಹೊಲದಲ್ಲಿ ಮಳೆಗಾಲಕ್ಕೆ ಚಪ್ಪಲಿ ಹೇಗೆ ಭಾರವಾಗುತ್ತದೋ, ಥೇಟ್ ಹಾಗೇ. ಆಲಿವ್ ಕಡ್ಡಿಯಿಂದ ಕೆರೆದು ಹತ್ತು ಹೆಜ್ಜೆ, ಮತ್ತೆ ಕೆರೆದು ಹತ್ತು ಹೆಜ್ಜೆ. ಕೊನೆಗೆ ಸೈಕಲ್ ಹೆಗಲಿಗೆ. ಎರೆ ಸೀಮೆಯಲ್ಲಿ ಹುಟ್ಟಿದವನಿಗೆ ಇಷ್ಟೂ ತಿಳಿಯಲಿಲ್ಲವೆ ಅಂತ ನನಗೆ ನಾನೇ ಬೈದುಕೊಂಡೆ. ಮಳೆಯ ಮರುದಿನ ಇಲ್ಲಿ ಜಲ್ಲಿ ರಸ್ತೆ ಬಿಟ್ಟು ಇಳಿಯಬೇಡಿ.

ಅಂಥ ದಿನಕ್ಕೆ ಒಂದು ಮದ್ದಿದೆ: ರೈಲು ಹತ್ತಿ ಸ್ಪೊಲೇತೊಗೆ ಹೋಗಿ. ಸ್ಪೊಲೇತೊದಿಂದ ನೊರ್ಚಾಗೆ 1926ರಿಂದ 1968ರವರೆಗೆ ಸಣ್ಣ ಗೇಜಿನ ರೈಲು ಓಡುತ್ತಿತ್ತು. 51 ಕಿಲೋಮೀಟರಿನಲ್ಲಿ 19 ಸುರಂಗ, 24 ಎತ್ತರದ ಸೇತುವೆ. ಹಳಿ ಕಿತ್ತ ಮೇಲೆ ಅದೇ ಹಾದಿ ಸೈಕಲ್‌ನವರಿಗಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಗಳ ಮೇಲೆ ನಡೆಯಲು ಒಂದು ಕಾಲದಲ್ಲಿ ಹಾತೊರೆದವರಿಗೆಲ್ಲ ಇದು ಇಷ್ಟವಾಗುತ್ತದೆ, ಅದೂ ರೈಲು ಬಂದೀತೆಂಬ ಭಯ ಇಲ್ಲದೆ. ರೈಲು ಕಡಿದಾಗಿ ಹತ್ತಲಾರದು, ಆದ್ದರಿಂದ ಇಲ್ಲಿ ಏರೂ ಸೌಮ್ಯ. ಕಾಪ್ರಾರೆಚ್ಚಾ ಎಂಬ ಸುರಂಗ ಒಂದೇ ಎರಡು ಕಿಲೋಮೀಟರಿನ ಹತ್ತಿರ ಇದೆ. ಒಳಗೆ ಬೇಸಿಗೆಯಲ್ಲೂ ಹಲ್ಲು ಕಟಕಟ ಅನ್ನುವ ಚಳಿ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ನಡುವಿಗೆ ಬಂದಾಗ ಎರಡೂ ಬಾಯಿ ಕಾಣುವುದಿಲ್ಲ. ಫೋನಿನ ಟಾರ್ಚ್ ನಂಬಬೇಡಿ, ಒಳ್ಳೆಯ ಲೈಟು ಕಟ್ಟಿಕೊಳ್ಳಿ. 2016ರ ಭೂಕಂಪ ನೊರ್ಚಾ ಕಡೆಯ ಭಾಗಕ್ಕೆ ಏಟು ಕೊಟ್ಟಿತು, ಹಾಗಾಗಿ ಆ ತುದಿ ತೆರೆದಿದೆಯೇ ಎಂದು ಸ್ಪೊಲೇತೊದಲ್ಲಿ ವಿಚಾರಿಸಿಕೊಂಡೇ ಹೊರಡಬೇಕು. ನಡುವೆ ಬರುವ ಸಾಂತಾನಾತೋಲಿಯಾ ಊರಿನವರೆಗೆ ಹೋಗಿ ಬಂದರೂ ದಿನ ಸಾರ್ಥಕ.

ಬೊಲ್ಸೇನಾ ಮತ್ತು ವೀಕೊ: ನನ್ನ ಓಟು ಇಲ್ಲಿಗೆ

ರೋಮಿನಿಂದ ಉತ್ತರಕ್ಕೆ ವಿತೆರ್ಬೊ ಸುತ್ತಲಿನ ಸೀಮೆಗೆ ತೂಷಾ ಎನ್ನುತ್ತಾರೆ. ರೋಮನ್ನರಿಗೂ ಮುಂಚೆ ಇಲ್ಲಿ ಬಾಳಿದ ಎತ್ರುಸ್ಕರ ನಾಡು. ಬೊಲ್ಸೇನಾ ಯುರೋಪಿನ ಅತಿ ದೊಡ್ಡ ಜ್ವಾಲಾಮುಖಿ ಸರೋವರ: ಸುಮಾರು 113 ಚದರ ಕಿಲೋಮೀಟರ್, ಆಳ 151 ಮೀಟರ್, 305 ಮೀಟರ್ ಎತ್ತರದಲ್ಲಿದೆ. ಆಕಾರ ಬೋಗುಣಿಯದು. ಒಳಗೆ ಇಳಿದರೆ ಹೊರಗೆ ಹತ್ತಲೇಬೇಕು. ಆದರೆ ಅಂಚು ಗಾರ್ಡಾದ ಹಾಗೆ ಗೋಡೆಯಲ್ಲ, 250–300 ಮೀಟರಿನ ಹದವಾದ ಏರು. ಬೂದಿ ಗಟ್ಟಿಯಾದ ತೂಫೊ ಕಲ್ಲಿನ ನೆಲ ನೀರನ್ನು ಕುಡಿದುಬಿಡುತ್ತದೆ. ಮಳೆ ಬಂದ ಮರುದಿನವೂ ಕಾಡುದಾರಿ ತುಳಿಯುವಂತಿರುತ್ತದೆ. ತ್ರಾಸಿಮೇನೊದ ಮಣ್ಣು ಹೊತ್ತವನಿಗೆ ಇದರ ಬೆಲೆ ಗೊತ್ತು.

ನಾನು ಹೇಳಿಕೊಡುವ ಆರಂಭ ಇದು: ರೋಮ್ ಅಥವಾ ಫ್ಲಾರೆನ್ಸಿನಿಂದ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಒರ್ವಿಯೇತೊಗೆ ಬನ್ನಿ. ಸ್ಟೇಷನ್ ಬಂಡೆಯ ಬುಡದಲ್ಲಿ, ಊರು ಬಂಡೆಯ ಮೇಲೆ. ಊರು ನೋಡಿಕೊಂಡು ಇಳಿದು ಮತ್ತೆ ಗುಡ್ಡ ಹತ್ತಿ ಬೊಲ್ಸೇನಾಗೆ ಜಾರಿ. 1263ರಲ್ಲಿ ಬೊಲ್ಸೇನಾದ ಚರ್ಚಿನಲ್ಲಿ ಪ್ರಸಾದದ ರೊಟ್ಟಿಯಿಂದ ರಕ್ತ ಬಂತೆಂಬುದು ಅಲ್ಲಿನವರ ನಂಬಿಕೆ. ರಕ್ತ ಬಿದ್ದ ಬಟ್ಟೆ ಇರುವುದು ಒರ್ವಿಯೇತೊದ ದೊಡ್ಡ ಚರ್ಚಿನಲ್ಲಿ. ಎರಡೂ ಊರನ್ನು ಒಂದೇ ದಿನ ಸೈಕಲ್ಲಿನಲ್ಲಿ ಜೋಡಿಸಿದಾಗ ಆ ಕಥೆಗೆ ಒಂದು ದೂರ, ಒಂದು ಏರು ಇದೆ ಅಂತ ಕಾಲಿಗೆ ತಿಳಿಯುತ್ತದೆ.

ಮರುದಿನ ಫ್ರಾಂಚಿಜೆನಾ ದಾರಿ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ರೋಮಿಗೆ ಯಾತ್ರಿಕರು ನಡೆದುಬರುತ್ತಿದ್ದ ಹಾದಿ. 990ರ ಸುಮಾರಿಗೆ ಸಿಜೆರಿಕ್ ಎಂಬ ಆರ್ಚ್‌ಬಿಷಪ್ ತಾನು ತಂಗಿದ ಊರುಗಳನ್ನು ಬರೆದಿಟ್ಟದ್ದರಿಂದ ನಮಗೆ ದಾರಿ ಗೊತ್ತು. ಬೊಲ್ಸೇನಾದಿಂದ ಓಕ್ ಕಾಡಿನಲ್ಲಿ ಏರಿಳಿದು ಬೋಗುಣಿಯ ಅಂಚಿನ ಮೊಂತೆಫಿಯಾಸ್ಕೋನೆ ತಲುಪಿದರೆ ಇಡೀ ಸರೋವರ ಕಾಲಡಿ. ಅಲ್ಲಿಂದ ವಿತೆರ್ಬೊ ಕಡೆಗೆ ಇಳಿಯುವಾಗ ಹೊಲಗಳ ನಡುವೆ ಹಳೇ ಕಾಸಿಯಾ ರಸ್ತೆಯ ರೋಮನ್ ಚಪ್ಪಡಿಗಳು ಸಿಗುತ್ತವೆ. ಕಪ್ಪು ಬಸಾಲ್ಟ್ ಕಲ್ಲು, ಎಮ್ಮೆ ಬೆನ್ನಿನ ಹಾಗೆ ನುಣುಪು, ಕಲ್ಲಿಗೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡರೂ ಮುಂಗೈ ಮರಗಟ್ಟುತ್ತದೆ. ಎರಡು ಸಾವಿರ ವರ್ಷದ ರಸ್ತೆ, ನಮ್ಮ ಕೆಲವು ಬಡಾವಣೆಯ ರಸ್ತೆಗಿಂತ ವಾಸಿ ಅಂತ ಅಂದುಕೊಳ್ಳದೆ ಇರಲಾಗಲಿಲ್ಲ. ವಿತೆರ್ಬೊ ಮುಟ್ಟುವ ಮೊದಲು ಬಯಲಲ್ಲೇ ಬಿಸಿನೀರಿನ ಬುಗ್ಗೆಯ ಕೊಳಗಳಿವೆ. ಕಾಲು ಇಳಿಬಿಟ್ಟು ಕೂರಿ, ಉಳಿದದ್ದು ನಾಳೆ.

ವಿತೆರ್ಬೊದಲ್ಲಿ ಹೊಸ ಪೋಪ್ ಆಯ್ಕೆ 1268ರಲ್ಲಿ ಶುರುವಾಗಿ 1271ರಲ್ಲಿ ಮುಗಿಯಿತು. ಬೇಸತ್ತ ಊರವರು ಪೋಪನನ್ನು ಆರಿಸುವ ಕಾರ್ಡಿನಲ್‌ಗಳನ್ನು ಅರಮನೆಯೊಳಗೆ ಕೂಡಿ ಬೀಗ ಹಾಕಿದರು, ಊಟ ಕಡಿಮೆ ಮಾಡಿದರು. ಆ ಅರಮನೆಯ ಅಂಗಳಕ್ಕೆ ಸೈಕಲ್ ತಳ್ಳಿಕೊಂಡೇ ಹೋಗಬಹುದು.

ವಿತೆರ್ಬೊದ ದಕ್ಷಿಣಕ್ಕೆ ಚಿಮಿನಿ ಗುಡ್ಡಗಳು, ಅವುಗಳ ಮಡಿಲಲ್ಲಿ ವೀಕೊ, ಸುಮಾರು 510 ಮೀಟರ್ ಎತ್ತರದಲ್ಲಿ. ಬೊಲ್ಸೇನಾ ವಿಶಾಲವಾದರೆ ಇದು ಗುಟ್ಟಾದ ಸರೋವರ. ಸುತ್ತ ಹೇಝಲ್‌ನಟ್ ತೋಟ, ಮೇಲೆ ಬೀಚ್ ಮರಗಳ ಕಾಡು. ಪಕ್ಕದ ಮೊಂತೆ ಚಿಮಿನೊದ ಬೀಚ್ ಕಾಡು 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಕ್ಟೋಬರಿನಲ್ಲಿ ಅಲ್ಲಿನ ದಾರಿಯ ಮೇಲೆ ತಾಮ್ರದ ಬಣ್ಣದ ಎಲೆ ಗೇಣುದ್ದ ಬಿದ್ದಿರುತ್ತದೆ, ಚಕ್ರದ ಸದ್ದೇ ಕೇಳುವುದಿಲ್ಲ. ಎಲೆಯ ಕೆಳಗಿನ ಬೇರು ಕಾಣುವುದಿಲ್ಲ ಅನ್ನುವುದೂ ನಿಜ, ನನ್ನ ಮೊಣಕೈಗೆ ಅದು ಚೆನ್ನಾಗಿ ನೆನಪಿದೆ.

ತೂಷಾದ ತೊಂದರೆ ಎರಡು. ಬಾಡಿಗೆ ಅಂಗಡಿ ಕಡಿಮೆ, ಮೊದಲೇ ಮಾತಾಡಿಕೊಂಡಿರಬೇಕು. ಇನ್ನೊಂದು ಕುರಿ ಕಾಯುವ ಬಿಳಿ ಮರೆಮ್ಮಾ ನಾಯಿ. ಬೆಂಗಳೂರಿನ ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ನಾವು ಪೆಡಲ್ ಜೋರು ಮಾಡಿ ಪಾರಾಗುತ್ತೇವೆ. ಇಲ್ಲಿ ಅದನ್ನು ಮಾಡಬೇಡಿ. ಇಳಿಯಿರಿ, ನಾಯಿಗೂ ನಿಮಗೂ ನಡುವೆ ಸೈಕಲ್ ಇಟ್ಟುಕೊಳ್ಳಿ, ಮಂದೆಯಿಂದ ದೂರ ಸುತ್ತುಹಾಕಿ ನಿಧಾನ ನಡೆಯಿರಿ. ಅದಕ್ಕೆ ಬೇಕಿರುವುದು ತನ್ನ ಕುರಿಗಳ ಕ್ಷೇಮ, ನಿಮ್ಮ ಮೀನಖಂಡವಲ್ಲ.

ಯಾವಾಗ, ಯಾವ ಸೈಕಲ್, ಏನು ಊಟ

ತ್ರೆಮಾಲ್ಜೊ ಎತ್ತರದಲ್ಲಿ ಮೇ ತಿಂಗಳಲ್ಲೂ ಹಿಮ ಉಳಿದಿರಬಹುದು, ಹಾಗಾಗಿ ಗಾರ್ಡಾಗೆ ಜೂನ್‌ನಿಂದ ಸೆಪ್ಟೆಂಬರ್ ಕೊನೆ. ಉಳಿದೆರಡಕ್ಕೆ ಏಪ್ರಿಲ್–ಜೂನ್ ಆರಂಭ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಜುಲೈ-ಆಗಸ್ಟಿನಲ್ಲಿ ಮಧ್ಯ ಇಟಲಿ ಕಾದ ಹೆಂಚು. ಸೆಪ್ಟೆಂಬರಿನ ಮೂರನೇ ಭಾನುವಾರದಿಂದ ಬೇಟೆಯ ಕಾಲ. ಮಂಗಳವಾರ, ಶುಕ್ರವಾರ ಬೇಟೆಗೆ ರಜೆ. ಕಾಡಿನ ದಾರಿಗಳನ್ನು ಆ ಎರಡು ದಿನಕ್ಕೆ ಇಟ್ಟುಕೊಂಡು, ಭಾನುವಾರ ದಡ ಸುತ್ತಿ. ಉಳಿದ ದಿನ ಕಾಡಿಗೆ ಹೋಗುವುದಿದ್ದರೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿ.

ತ್ರಾಸಿಮೇನೊ, ತೂಷಾ ಎರಡಕ್ಕೂ ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಸೈಕಲ್ ಸಾಕು, ಜೊತೆಗೆ ಅಗಲ ಟ್ಯೂಬ್‌ಲೆಸ್ ಟೈರು. ಇ-ಬೈಕ್ ಬಗ್ಗೆ ಮೂಗು ಮುರಿಯುವವರಲ್ಲಿ ನಾನೂ ಒಬ್ಬನಿದ್ದೆ. ನನ್ನಾಕೆ ಇ-ಬೈಕಿನಲ್ಲಿ ಮೊಂತೆಫಿಯಾಸ್ಕೋನೆ ಹತ್ತಿ, ಐಸ್‌ಕ್ರೀಮ್ ತಿಂದು ಮುಗಿಸಿ, ನಾನು ಏದುಸಿರು ಬಿಡುತ್ತ ಬಂದದ್ದನ್ನು ವಿಡಿಯೊ ಮಾಡಿದ ಮೇಲೆ ಆ ಚರ್ಚೆ ಮುಗಿಯಿತು. ಕತ್ತಲಾದ ಮೇಲೆ ಊರಾಚೆ ಮತ್ತು ರಸ್ತೆಯ ಸುರಂಗಗಳಲ್ಲಿ ಹೊಳೆಯುವ ಜಾಕೆಟ್ ಕಾನೂನಿನಲ್ಲೇ ಕಡ್ಡಾಯ.

ಸಸ್ಯಾಹಾರಿಗಳಿಗೆ ಉಂಬ್ರಿಯಾ ಮೊದಲು. ತೋರ್ತಾ ಅಲ್ ತೆಸ್ತೊ ಅಂತ ಕಾವಲಿಯಂಥ ಕಲ್ಲಿನ ಮೇಲೆ ಸುಟ್ಟ ದಪ್ಪ ರೊಟ್ಟಿ, ಒಳಗೆ ಬಾಡಿಸಿದ ಸೊಪ್ಪು ಕೇಳಿ ಹಾಕಿಸಿಕೊಳ್ಳಿ. ತ್ರಾಸಿಮೇನೊದಲ್ಲಿ 'ಫಜೋಲಿನಾ' ಎಂಬ ಪುಟ್ಟ ಕಾಳನ್ನು ಬೇಯಿಸಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ. ಒಂದು ಚಮಚ ಬಾಯಿಗಿಟ್ಟವನೇ ಬಟ್ಟಲು ಕಣ್ಣ ಹತ್ತಿರ ತಂದು ನೋಡಿದೆ: ಅಲಸಂದೆ! ಅದೇ ಜಾತಿ, ಗಾತ್ರ ಸಣ್ಣದು. ಒಂದು ಒಗ್ಗರಣೆ, ನಾಲ್ಕು ಎಸಳು ಕರಿಬೇವು ಇದ್ದಿದ್ದರೆ ಅಂತ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಗಾರ್ಡಾದ ಕಡೆ ಪೊಲೆಂತಾ ಎಂಬ ಮೆಕ್ಕೆಜೋಳದ ಮುದ್ದೆ ಮತ್ತು ಅಣಬೆ ಸಿಗುತ್ತದೆ, ಕಾನೆದೆರ್ಲಿ ಎಂಬ ಬ್ರೆಡ್ಡಿನ ಉಂಡೆಯಲ್ಲಿ ಮಾತ್ರ ಹಂದಿಮಾಂಸ ಇರುವುದು ಹೆಚ್ಚು, ಕೇಳಿಯೇ ತಿನ್ನಿ. ಎಲ್ಲ ಕಡೆಯೂ ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳೂವರೆಗೇ ತೆರೆಯುವುದು. ಜೇಬಿನಲ್ಲಿ ಚಿಕ್ಕಿ ಇಟ್ಟುಕೊಂಡವನೇ ಜಾಣ.

ಇನ್ನು ರೂಮು ಬುಕ್ ಮಾಡುವ ಮುಂಚೆ ಊರಿನ ಹೆಸರನ್ನು ಒಮ್ಮೆ ಬಾಯಿಬಿಟ್ಟು ಓದಿ. ನಮ್ಮಲ್ಲಿ ದುರ್ಗ, ಗಿರಿ ಅಂದರೆ ಹತ್ತಬೇಕು ಅಂತ ಮಕ್ಕಳಿಗೂ ಗೊತ್ತು. ಅಲ್ಲಿ 'ಮೊಂತೆ', 'ರೊಕ್ಕಾ', 'ಕಾಸ್ತೆಲ್' ಇದ್ದರೆ ಅದೇ ಅರ್ಥ. 'ಸ್ಕಾಲೊ' ಅಂತ ಕೊನೆಗೊಂಡರೆ ರೈಲು ಸ್ಟೇಷನ್ ಪಕ್ಕದ ಬಯಲು: ನೋಟ ಇಲ್ಲ, ಏರೂ ಇಲ್ಲ. ಕಾಸ್ತಿಲ್ಯೋನೆ ದೆಲ್ ಲಾಗೊ ಎಂಬ ಹೆಸರಿನಲ್ಲಿ 'ಲಾಗೊ', ಅಂದರೆ ಸರೋವರ, ಇದೆಯೆಂದು ನಾನು ನೀರಿನ ಪಕ್ಕದ ಊರೆಂದೇ ಬುಕ್ ಮಾಡಿದ್ದೆ. ನೀರು ಪಕ್ಕದಲ್ಲೇ ಇತ್ತು. ರೂಮು ಕೋಟೆಯ ದಿಬ್ಬದ ಮೇಲೆ, ಮೂರನೇ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ.